ತಂಬೂರಿಯಿಲ್ಲದ ನೆರವಲ್

ಹೆಸರಾಂತ ರಾಕ್ ಗೀತೆಯೊಂದನ್ನು ಜಾಝ್ ವಾದಕರು ಕಛೇರಿಯಲ್ಲಿ ಹೊಸದಾಗಿ ಕಟ್ಟಿ ನುಡಿಸುವಾಗ ನಡೆಯುವುದೇನು ಎಂಬುದನ್ನು ತಿಳಿಯಲು ಬೇಕಾದ ಕೇಳ್ಮೆಯ ಅಭ್ಯಾಸ ಚಾಮರಾಜಪೇಟೆಯ ರಸಿಕರಿಗೆ ಹೊಸತೇನಲ್ಲ. ಎಸ್.ವಿ. ನಾರಾಯಣಸ್ವಾಮಿ ರಾವ್ ಅವರು 1939ರಲ್ಲಿ ಆರಂಭಿಸಿದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವನ್ನು ಕೋಟೆ ಪ್ರೌಢಶಾಲೆಯ ಮೈದಾನದ ಪೆಂಡಾಲಿನಲ್ಲಿ ಕುಳಿತು ಕೇಳಿದವರಿಗೆ, ಕೃತಿಯ ಒಂದೇ ಸಾಲನ್ನು ಹಿಡಿದು, ಪದಗಳು ತಾಳದಲ್ಲಿ ಬೀಳುವ ಸ್ಥಾನವನ್ನು ಕೆಡಿಸದೆ, ಸಂಚಾರವನ್ನು ಮಾತ್ರ ಮತ್ತೆ ಮತ್ತೆ ಬದಲಿಸುತ್ತ ಹೋಗುವ ನೆರವಲ್ ಚಿರಪರಿಚಿತ. ಏನನ್ನು ಹಿಡಿದಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ಗಮನಿಸುವ ಆ ಕಿವಿಯೇ ಜಾಝ್‌ಗೂ ಸಾಕು. ಆದರೆ ಹಿಡಿಯುವುದೂ ಬಿಡುವುದೂ ಅಲ್ಲಿ ಬೇರೆ.

ರಾಕ್ ಗೀತೆಗಳಲ್ಲಿ ಅನೇಕವು ಮೂರು ನಾಲ್ಕು ಕಾರ್ಡ್‌ಗಳ ಮೇಲೆ, ಅಂದರೆ ಒಟ್ಟಿಗೆ ನುಡಿಯುವ ಕೆಲವೇ ಸ್ವರಗುಚ್ಛಗಳ ಮೇಲೆ, ನಿಂತಿರುತ್ತವೆ. ಜಾಝ್ ವಾದಕರು ಗೀತೆಯ ಮಟ್ಟನ್ನು ಹಾಗೆಯೇ ಉಳಿಸಿ ಅದರ ಕೆಳಗಿನ ಈ ಗುಚ್ಛಗಳನ್ನು ಬದಲಿಸುತ್ತಾರೆ. ಹಾಡಿನ ಮಟ್ಟು ಷಡ್ಜದ ಮೇಲೆ ನಿಂತಿದೆ ಎಂದಿಟ್ಟುಕೊಂಡರೆ, ಅದರಡಿ ಸ-ಗ-ಪ ನುಡಿದಾಗ ಆ ಷಡ್ಜ ಮನೆ ಸೇರಿದಂತೆ ನೆಮ್ಮದಿಯಾಗಿ ಕೇಳಿಸುತ್ತದೆ. ಅದೇ ಷಡ್ಜದಡಿ ಗಾಂಧಾರ, ಧೈವತಗಳ ಕಡೆಗೆ ವಾಲುವ ದ-ಸ-ಗ ನುಡಿದರೆ ಅದು ವಿಷಾದದ ಬಣ್ಣ ತಳೆಯುತ್ತದೆ. ಮ-ದ-ಸ ಆದರೆ ಇನ್ನೊಂದು ಬಣ್ಣ. ಸ್ವರ ಕದಲಿಲ್ಲ, ಅದು ನಿಂತ ನೆಲ ಕದಲಿದೆ. ಗ್ರಹಭೇದವನ್ನು ಬಲ್ಲವರಿಗೆ ಇದರ ಅಂದಾಜು ಬೇಗ ಸಿಗುತ್ತದೆಯಾದರೂ, ತಂಬೂರಿಯ ಶ್ರುತಿ ಕಛೇರಿಯುದ್ದಕ್ಕೂ ಅಲುಗದಿರುವ ಸಂಪ್ರದಾಯದಲ್ಲಿ ಬೆಳೆದ ಕಿವಿಗೆ ಕ್ಷಣಕ್ಷಣಕ್ಕೆ ಬದಲಾಗುವ ಈ ಆಧಾರ ಮೊದಮೊದಲು ತುಸು ತಲೆಸುತ್ತು ತರಿಸಿದರೆ ಆಶ್ಚರ್ಯವಿಲ್ಲ.

ಲಯದ ಮಾತು ಇಷ್ಟು ತೊಡಕಿನದಲ್ಲ. ರಾಕ್‌ನಲ್ಲಿ ನಾಲ್ಕು ಎಣಿಕೆಯ ಎರಡನೆಯ ಮತ್ತು ನಾಲ್ಕನೆಯ ಪೆಟ್ಟುಗಳು ಜೋರಾಗಿ ಬೀಳುತ್ತವೆ. ಜಾಝ್‌ನ ಸ್ವಿಂಗ್ ಎಂಬ ನಡಿಗೆ ಪ್ರತಿ ಎಣಿಕೆಯನ್ನೂ ಉದ್ದ-ಗಿಡ್ಡವಾಗಿ ಒಡೆಯುವುದರಿಂದ ತಿಶ್ರ ನಡೆಯ ಮೊದಲ ಮತ್ತು ಮೂರನೆಯ ಅಕ್ಷರಗಳನ್ನು ಮಾತ್ರ ನುಡಿಸಿದಂತೆ ಕೇಳಿಸುತ್ತದೆ.

ಈ ಬಗೆಯ ಪ್ರಯೋಗಗಳಲ್ಲಿ ಗಿಲ್ ಇವಾನ್ಸ್ ಅವರದು ಗಮನಾರ್ಹ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅವರೊಡನೆ ಸೇರಿ ಕೆಲಸ ಮಾಡುವ ಯೋಚನೆ ಹೆಂಡ್ರಿಕ್ಸ್ 1970ರಲ್ಲಿ ತೀರಿಕೊಂಡದ್ದರಿಂದ ಕೈಗೂಡದೆ ಹೋದ ಮೇಲೆ, ಇವಾನ್ಸ್ 1974ರಲ್ಲಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನಲ್ಲಿ ಅವರ ಹಾಡುಗಳನ್ನು ದೊಡ್ಡ ವಾದ್ಯವೃಂದಕ್ಕೆ ಅಳವಡಿಸಿ ನುಡಿಸಿದರು. ಅದೇ ವರ್ಷ ಆಲ್ಬಮ್ಮೂ ಹೊರಬಂತು. ಹೆಂಡ್ರಿಕ್ಸ್‌ರ ಗಿಟಾರ್ ಕಿರುಚುತ್ತಿದ್ದ ‘ವೂಡೂ ಚೈಲ್’ ಹಾಡಿನ ಮಟ್ಟನ್ನು ಹೊವಾರ್ಡ್ ಜಾನ್ಸನ್‌ರ ಟ್ಯೂಬಾಕ್ಕೆ, ಬ್ಯಾಂಡ್ ಸೆಟ್ಟಿನಲ್ಲಿ ತೀರ ಕೆಳಗಿನ ಸ್ಥಾಯಿಯಲ್ಲಿ ನುಡಿಯುವ ಆ ಭಾರಿ ಹಿತ್ತಾಳೆ ಕೊಳವೆಗೆ, ಒಪ್ಪಿಸಿದ್ದು ಧೈರ್ಯದ ಮಾತೇ. ಗಿಟಾರನ್ನು ಗಿಟಾರಿನಿಂದಲೇ ಅನುಕರಿಸಿದ್ದರೆ ಅದು ನಕಲಾಗುತ್ತಿತ್ತು.

ಕನ್ನಡ ನಾಡಿನ ಪಾಲೂ ಈ ಕಥೆಯಲ್ಲಿದೆ. ಟಿ.ಎ.ಎಸ್. ಮಣಿ ಅವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ‘ಜ್ಯೋತಿ’ ಎಂಬ ಧ್ವನಿಮುದ್ರಿಕೆಯನ್ನು 1983ರಲ್ಲಿ ಹೊರತಂದಿತು, ಅದರಲ್ಲಿ ಆರ್.ಎ. ರಮಾಮಣಿಯವರ ಗಾಯನವಿದೆ. ಬಂಟ್ವಾಳದ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿ ಮರುಳಾದ ಸ್ಯಾಕ್ಸೋಫೋನನ್ನು ಗಮಕಕ್ಕೆ ಒಗ್ಗಿಸಿದ್ದು ಎಲ್ಲರಿಗೂ ತಿಳಿದಿದೆ. ಕರ್ನಾಟಕ ಮೂಲದ ಕುಟುಂಬದಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರಿಗೆ ಸಹೋದರ ತಮಾಷೆಗೆಂದು ಕೊಟ್ಟ ಕದ್ರಿಯವರ ಧ್ವನಿಮುದ್ರಿಕೆ ತಮಾಷೆಯಾಗಿ ಉಳಿಯಲಿಲ್ಲ. 2008ರ ‘ಕಿನ್ಸ್‌ಮೆನ್’ ಆಲ್ಬಮ್ಮಿನಲ್ಲಿ ಇಬ್ಬರೂ ಜೊತೆಗೂಡಿ ನುಡಿಸಿದರು.

ಹಳೆಯ ಜನಪ್ರಿಯ ಹಾಡುಗಳ ಮರುಸೃಷ್ಟಿಗೆ ಮಹಾಂತಪ್ಪ ಅವರ 2020ರ ‘ಹೀರೋ ಟ್ರಯೊ’ ಒಳ್ಳೆಯ ನಿದರ್ಶನ. ಜಾನಿ ಕ್ಯಾಶ್ 1963ರಲ್ಲಿ ಜನಪ್ರಿಯಗೊಳಿಸಿದ ‘ರಿಂಗ್ ಆಫ್ ಫೈರ್’, ಸ್ಟೀವಿ ವಂಡರ್‌ರ ‘ಓವರ್‌ಜಾಯ್ಡ್’ ಇವೆರಡೂ ಕಟ್ಟುನಿಟ್ಟಾಗಿ ರಾಕ್ ಅಲ್ಲದಿದ್ದರೂ ಅದೇ ಜನಪ್ರಿಯ ಕುಲದವು. ಇಲ್ಲಿ ಸ್ಯಾಕ್ಸೋಫೋನ್, ಬಾಸ್, ಡ್ರಮ್ಸ್ ಮೂರೇ ವಾದ್ಯಗಳು. ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಕಾರ್ಡ್ ನುಡಿಸಿ ನೆಲ ತೋರಿಸುವವರೇ ಇಲ್ಲದ್ದರಿಂದ ಒಂಟಿ ಬಾಸಿನ ಸ್ವರದಿಂದ ಉಳಿದದ್ದನ್ನು ಕೇಳುಗರೇ ಊಹಿಸಿಕೊಳ್ಳಬೇಕು. ಪಕ್ಕವಾದ್ಯಕ್ಕೆ ಒಂದೇ ಪಿಟೀಲು, ಒಂದೇ ಮೃದಂಗ ಸಾಕೆನ್ನುವ ಕಛೇರಿಯ ಅಭ್ಯಾಸ ಇಲ್ಲಿ ನೆರವಿಗೆ ಬರುತ್ತದೆ.

ಇಂಥ ಕಛೇರಿಯ ಕೊನೆಯ ಭಾಗದಲ್ಲಿ ಸ್ಯಾಕ್ಸೋಫೋನೂ ಡ್ರಮ್ಸೂ ನಾಲ್ಕು ನಾಲ್ಕು ಆವರ್ತಗಳನ್ನು ಹಂಚಿಕೊಂಡು ಸವಾಲು-ಜವಾಬು ನಡೆಸುವುದುಂಟು. ತನಿಯಲ್ಲಿ ಮೃದಂಗಕ್ಕೆ ಘಟ ಉತ್ತರ ಕೊಡುವಾಗ ತಾಳ ಹಾಕುತ್ತ ಕುಳಿತವರು ಇಲ್ಲೂ ಎಣಿಕೆ ತಪ್ಪಲಾರರು. ಅಷ್ಟರಲ್ಲಿ ಮೂಲ ಹಾಡು ಯಾವುದೆಂಬುದು ಹಲವರಿಗೆ ಮರೆತೇಹೋಗಿರುತ್ತದೆ. ಜಾಝ್‌ನವರು ಹೆಡ್ ಎಂದು ಕರೆಯುವ ಪೂರ್ಣ ಮಟ್ಟು, ಪಲ್ಲವಿ ಮರಳುವ ಹಾಗೆ, ಕೊನೆಗೊಮ್ಮೆ ಮರಳಿ ಬಂದಾಗ ಸಭೆಯಲ್ಲಿ ಗುರುತಿನ ಚಪ್ಪಾಳೆ ಬೀಳುತ್ತದೆ.