ಇಂಜಿನ್ ಬಿಚ್ಚದೆ ಗೀರಿನ ಆಳ ಅಳೆದದ್ದು

ಹಳೇ ಟ್ರ್ಯಾಕ್ಟರ್ ಕೊಳ್ಳುವವರಿಗೆ ಒಂದೇ ಹೆದರಿಕೆ. ಇಂಜಿನ್ನಿನ ಹೊಟ್ಟೆಯೊಳಗೆ ಏನಿದೆಯೋ! ಹೆಡ್ ಬಿಚ್ಚಿ ನೋಡೋಣ ಎಂದರೆ ಮಾರುವವರು ಒಪ್ಪುವುದಿಲ್ಲ. ಅವರದೂ ತಪ್ಪಲ್ಲ. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಹೊಸದೇ ಬೇಕು. ವ್ಯಾಪಾರ ಕುದುರದಿದ್ದರೆ ಆ ಖರ್ಚು ಯಾರ ತಲೆಗೆ?

ನೆಲಮಂಗಲದ ಬಳಿ ನಾನು ನೋಡಿದ ಮೂರು ಸಿಲಿಂಡರಿನ ಟ್ರ್ಯಾಕ್ಟರಿಗೂ ಇದೇ ತಕರಾರು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿರುವ ಅಕ್ಕನ ಮಗ, “ಬಿಚ್ಚೋದೇ ಬೇಡ ಮಾವಾ, ನಮ್ಮಲ್ಲಿ ವೀಡಿಯೋಸ್ಕೋಪ್ ಇದೆ” ಎಂದ. ಯಜಮಾನರನ್ನು ಕೇಳಿ ಭಾನುವಾರ ಪೆಟ್ಟಿಗೆ ಹೊತ್ತು ತಂದ.

ಉದ್ದನೆಯ ಕೇಬಲ್, ದಪ್ಪ ಬರೇ 4 ಮಿ.ಮೀ. ತುದಿಯಲ್ಲಿ ಕ್ಯಾಮೆರಾ, ದೀಪ. ಹಿಡಿಯಲ್ಲಿರುವ ಕಡ್ಡಿ ಆಡಿಸಿದರೆ ತುದಿ ಹಾವಿನ ಹೆಡೆಯ ಹಾಗೆ ಬೇಕಾದತ್ತ ಬಾಗುತ್ತದೆ. ವಿಮಾನದ ಇಂಜಿನ್ನಿನ ಬ್ಲೇಡುಗಳನ್ನು ಬಿಚ್ಚದೆ ಪರೀಕ್ಷಿಸುವುದೂ ಇಂಥದ್ದರಿಂದಲೇ. ನಾಝಲ್ ಕಳಚಿ ಆ ತೂತಿನಲ್ಲಿ ಇಳಿಸಿದ. (ಎಲ್ಲ ಇಂಜಿನ್ನಿನಲ್ಲೂ ತೂತು ಅಷ್ಟು ಅಗಲ ಇರಲಾರದು.) ಪಿಸ್ಟನ್ ಕೆಳಗಿಳಿಸಿದಾಗ ಲೈನರಿನ ಗೋಡೆ ಪರದೆಯಲ್ಲಿ ಕಂಡಿತು. ಎರಡನೇ ಸಿಲಿಂಡರಿನಲ್ಲಿ ಉದ್ದಕ್ಕೊಂದು ಗೀರು!

ಗೀರು ಕಂಡರೆ ಸಾಲದು, ಆಳ ಎಷ್ಟು? ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿ ನೋಡಿ, ಕಷ್ಟ ಗೊತ್ತಾಗುತ್ತದೆ. ಅದಕ್ಕೇ ಈ ಯಂತ್ರದ ಅಳತೆಯ ತುದಿಗೆ ಎರಡು ಕಣ್ಣು. ಒಂದೇ ಜಾಗ ಎರಡು ಚಿತ್ರಗಳಲ್ಲಿ ಎಷ್ಟು ಸರಿದು ಕಾಣುತ್ತದೆ ಎಂಬುದರಿಂದ ದೂರ ಲೆಕ್ಕ ಹಾಕುತ್ತದೆ. ಗೀರಿನ ಆಚೀಚೆ ಮೂರು ಚುಕ್ಕೆ ಗುರುತಿಸಿದರೆ ಅದು ಮೇಲ್ಮಟ್ಟ. ನಾಲ್ಕನೆಯದನ್ನು ಗೀರಿನ ತಳಕ್ಕಿಟ್ಟರೆ ಆಳ ಸಿಕ್ಕಿತು.

ಬಂದದ್ದು 0.29 ಮಿ.ಮೀ. ಮಾರುವವರ ಮುಖ ಸಪ್ಪಗಾಯಿತು. ನಾನು ಹೊಸ ಲೈನರಿನ ಖರ್ಚು ಕಳೆದು ಬೆಲೆ ಹೇಳುವುದರಲ್ಲಿದ್ದೆ. “ತಡೀರಿ ಮಾವಾ, ಚುಕ್ಕೆ ದೂರ ಇಟ್ಟುಬಿಟ್ಟೆ” ಎಂದ ಹುಡುಗ.

ಲೈನರ್ ದುಂಡಗಿದೆ, ಅಲ್ಲೇ ಮೋಸ. ಬಾವಿಯ ಒಳಗೋಡೆಗೆ ನೇರ ಪಟ್ಟಿ ಅಡ್ಡ ಒತ್ತಿ ಹಿಡಿದರೆ ನಡುವೆ ಸಂದು ಉಳಿಯುವುದಿಲ್ಲವೇ? 100 ಮಿ.ಮೀ. ವ್ಯಾಸದ ಬೋರಿನಲ್ಲಿ 10 ಮಿ.ಮೀ. ಅಂತರಕ್ಕೆ ಚುಕ್ಕೆ ಇಟ್ಟರೆ, ಗೀರೇ ಇಲ್ಲದಿದ್ದರೂ ನಡುವೆ 0.25 ಮಿ.ಮೀ. ಆಳ ತೋರಿಸುತ್ತದೆ! ಅಂತರ 2 ಮಿ.ಮೀ.ಗೆ ಇಳಿಸಿದರೆ ಈ ತಪ್ಪು ಬರೇ 0.01. ತುದಿಯೂ ಹತ್ತಿರವಿರಬೇಕು. ದೂರ ಎರಡು ಪಟ್ಟಾದರೆ ತಪ್ಪು ಸುಮಾರು ನಾಲ್ಕು ಪಟ್ಟು. ಎಣ್ಣೆ ಹೊಳೆಯುವಲ್ಲಿ ಚುಕ್ಕೆ ಇಟ್ಟರೂ ಕೆಟ್ಟಿತು.

ಎಲ್ಲ ಸರಿಪಡಿಸಿ ಮೂರು ಸಲ ಅಳೆದ. 0.05ರ ಆಸುಪಾಸು. ಆದರೂ ಅಷ್ಟಕ್ಕೇ ನಾನು ದುಡ್ಡು ಬಿಚ್ಚಲಿಲ್ಲ. ಸ್ಕೋಪ್ ಗೀರು ಅಳೆದೀತು, ರಿಂಗ್ ಸವೆದದ್ದನ್ನು ಹೇಳದು. ಮೆಕ್ಯಾನಿಕ್ಕಿನಿಂದ ಮೂರೂ ಸಿಲಿಂಡರಿನ ಕಂಪ್ರೆಷನ್ ನೋಡಿಸಿದೆ. ಸಮನಾಗಿತ್ತು. ಮಾತು ಮುಗಿಯಿತು.

ಅಳತೆ ಮಾಡುವ ಈ ಯಂತ್ರಕ್ಕೆ ಲಕ್ಷಗಟ್ಟಲೆ ಬೆಲೆ, ನಾವು ಕೊಳ್ಳುವಂಥದ್ದಲ್ಲ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಕ್ಯಾಮೆರಾ ಗೀರು ಇದೆಯೋ ಇಲ್ಲವೋ ತೋರಿಸೀತು, ಆಳ ಮಾತ್ರ ಕೇಳಬೇಡಿ. ಒಂದೇ ಸಿಲಿಂಡರಿನ ಪಂಪ್‌ಸೆಟ್ಟಾದರೆ ಇದ್ಯಾವುದೂ ಬೇಡ, ಹೆಡ್ ಬಿಚ್ಚುವುದೇ ಸಲೀಸು.