ಹುಡುಕೋಕೆ ಗೂಗಲ್ ಒಂದೇನಾ?

2021ರ ಜೂನ್ ನೆನಪಿದೆಯಾ? ಭಾರತದ ಅತಿ ಕೆಟ್ಟ ಭಾಷೆ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಅಂತ ತೋರಿಸ್ತಿತ್ತು. ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಮಾತಾಡಿದರು, ಗೂಗಲ್ ಕ್ಷಮೆ ಕೇಳಿತು. ಯಾವುದೋ ಪುಟದಲ್ಲಿದ್ದ ಸಾಲನ್ನು ಯಂತ್ರ ಎತ್ತಿ ಮೇಲಿಟ್ಟಿತ್ತು, ಅಷ್ಟೇ. ಆದರೆ ಮೊದಲು ಕಂಡದ್ದೇ ನಿಜ ಅನ್ನೋ ನಮ್ಮ ಅಭ್ಯಾಸ ಹೋಗಿಲ್ಲ.

ಮಂಡ್ಯ, ಮದ್ದೂರು ಕಡೆ ಪಹಣಿ ಹುಡುಕುವವರಿಗೆ ಇದು ದುಡ್ಡಿನ ವಿಷಯವೂ ಹೌದು. ಮೇಲೆ ಬರೋದು ಖಾಸಗಿಯವರ ಜಾಹೀರಾತು ಆಗಿರಬಹುದು. ವಿಳಾಸದಲ್ಲಿ 'ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್' ಇದೆಯಾ ನೋಡಿ, ಸರ್ಕಾರದ 'ಭೂಮಿ' ತಾಣ ಸಿಕ್ಕಿದ ಮೇಲೆ ಬುಕ್‌ಮಾರ್ಕ್ ಮಾಡಿಡಿ. ಮತ್ತೆ ಹುಡುಕೋ ಕೆಲಸವೇ ಇಲ್ಲ.

ಬೇರೆ ಸರ್ಚ್ ಎಂಜಿನ್‌ಗಳೂ ಇವೆ. 2008ರಲ್ಲಿ ಶುರುವಾದ ಡಕ್‌ಡಕ್‌ಗೋ ನೀವು ಏನು ಹುಡುಕಿದಿರಿ ಅನ್ನೋ ಲೆಕ್ಕ ಇಡಲ್ಲ ಅನ್ನುತ್ತೆ. ಫಲಿತಾಂಶ ಬಹುಪಾಲು ಬಿಂಗ್‌ನದು. ಬ್ರೇವ್ ಸರ್ಚ್‌ಗೆ ತನ್ನದೇ ಸೂಚಿ ಇದೆ. ಆದರೆ ಕನ್ನಡದಲ್ಲಿ ಟೈಪ್ ಮಾಡಿದಾಗ ನನಗೆ ಹೆಚ್ಚು ಪುಟ ಸಿಗೋದು ಈಗಲೂ ಗೂಗಲ್‌ನಲ್ಲೇ.

ನನಗೆ ಇಷ್ಟವಾದ ಉಪಾಯ ಬೇರೆ. ಕಂಪ್ಯೂಟರಿನಲ್ಲಿ ಕನ್ನಡ ವಿಕಿಪೀಡಿಯದಲ್ಲಿ ಇಲ್ಲದ ಯಾವುದಾದರೂ ಪದ ಹುಡುಕಿ, ಫಲಿತಾಂಶದ ಪುಟದ ವಿಳಾಸ ಕಾಪಿ ಮಾಡಿ. ಕ್ರೋಮ್ ಸೆಟ್ಟಿಂಗ್ಸ್‌ನ ಸರ್ಚ್ ಎಂಜಿನ್ ವಿಭಾಗದಲ್ಲಿ ಹೊಸದೊಂದನ್ನು ಸೇರಿಸಿ ಅದನ್ನು ಅಂಟಿಸಿ. ನೀವು ಹುಡುಕಿದ ಪದದ ಜಾಗದಲ್ಲಿ ಶೇಕಡಾ ಚಿಹ್ನೆ, ಪಕ್ಕದಲ್ಲೇ ಇಂಗ್ಲಿಷಿನ ಚಿಕ್ಕ ಎಸ್ ಹಾಕಿ. ಶಾರ್ಟ್‌ಕಟ್‌ಗೆ 'ಕವಿ' ಅಂತ ಕೊಡಿ. ಆಮೇಲೆ ಮೇಲಿನ ಪಟ್ಟಿಯಲ್ಲಿ 'ಕವಿ' ಬರೆದು, ಟ್ಯಾಬ್ ಒತ್ತಿ, 'ಶಿವನಸಮುದ್ರ' ಅಂದರೆ ಸಾಕು. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಮಳವಳ್ಳಿ ಸೀಮೆಯ ಜಾಗ ಹುಡುಕೋಕೆ ಹೋದರೆ ನಡುವೆ ರೆಸಾರ್ಟ್ ಜಾಹೀರಾತು ಬರಲ್ಲ.