ರೋಗ ಬಂದ ಕಿತ್ತಳೆ ಗಿಡವೇ ಕೀಟವನ್ನು ಕರೆಯುತ್ತೆ! ಕೊಡಗಿನ ತೋಟಗಳನ್ನು ಕಾಡುವ ರೋಗದ ವಾಸನೆ ತಂತ್ರ

ಸಂಜೆ ಹೊತ್ತು ವಾರಣಾಸಿಯ ದಶಾಶ್ವಮೇಧ ಘಾಟ್‌ ಹತ್ತಿರ ಹೋದವರಿಗೆ ಗೊತ್ತಿರುತ್ತದೆ. ಗಲ್ಲಿಗಳ ಪರಿಚಯ ಇಲ್ಲದಿದ್ದರೂ ಗಂಗಾ ಆರತಿಯ ಧೂಪದ ವಾಸನೆಯೇ ದಾರಿ ತೋರಿಸುತ್ತದೆ. ಕೀಟಗಳೂ ಹೀಗೆಯೇ, ವಾಸನೆ ಹಿಡಿದು ತಮಗೆ ಬೇಕಾದ ಗಿಡ ಹುಡುಕುತ್ತವೆ. ಆ ವಾಸನೆಯನ್ನೇ ಒಂದು ರೋಗಾಣು ಬದಲಿಸಿಬಿಟ್ಟರೆ?

ಕೊಡಗಿನ ಕಿತ್ತಳೆ ತೋಟಗಳು ಸೊರಗಲು ಮುಖ್ಯ ಕಾರಣಗಳಲ್ಲಿ ಒಂದಾದ ಸಿಟ್ರಸ್ ಗ್ರೀನಿಂಗ್ ರೋಗ ಮಾಡುವುದು ಇದನ್ನೇ. ಎಲೆ ಮೇಲೆ ಹಳದಿ ಮಚ್ಚೆ, ಹಣ್ಣು ಸಣ್ಣದು, ಸೊಟ್ಟ, ತಳಭಾಗ ಹಸಿರಾಗಿಯೇ ಉಳಿಯುತ್ತದೆ, ರುಚಿ ಕಹಿ. ಬ್ಯಾಕ್ಟೀರಿಯಾದಿಂದ ಬರುವ ಈ ರೋಗವನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಸಿಲ್ಲಿಡ್ ಎಂಬ 3–4 ಮಿಲಿಮೀಟರ್ ಉದ್ದದ ಕೀಟ. ರೋಗ ತಗುಲಿದ ಮರವನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ.

ವಾಸನೆಯ ಗುಟ್ಟು ಹೊರಬಿದ್ದದ್ದು 2012ರಲ್ಲಿ, ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳಿಂದ. ರೋಗಪೀಡಿತ ಗಿಡ ಮೀಥೈಲ್ ಸ್ಯಾಲಿಸಿಲೇಟ್ ಎಂಬ ರಾಸಾಯನಿಕವನ್ನು ಹೆಚ್ಚಾಗಿ ಹೊರಬಿಡುತ್ತದೆ. ಹೆಸರು ಹೊಸದೆನಿಸಬಹುದು, ವಾಸನೆ ಹೊಸದಲ್ಲ: ಬೆನ್ನುನೋವಿಗೆ ಹಚ್ಚುವ ಮುಲಾಮಿನ ಘಾಟು ವಾಸನೆ ಇದರದ್ದೇ. ಈ ವಾಸನೆಗೆ ಸಿಲ್ಲಿಡ್‌ಗಳು ಹುಡುಕಿಕೊಂಡು ಬರುತ್ತವೆ.

ಬಂದವು ಅಲ್ಲೇ ಉಳಿದರೆ ರೋಗ ಹರಡುವುದಿಲ್ಲ, ಅಲ್ವಾ? ಇಲ್ಲೇ ಇರುವುದು ಮೋಸ. ರೋಗದ ಗಿಡದಲ್ಲಿ ಸಾರಜನಕ, ರಂಜಕ, ಸತು, ಕಬ್ಬಿಣದಂಥ ಪೋಷಕಾಂಶ ಕಡಿಮೆ. ಸ್ವಲ್ಪ ಹೊತ್ತು ರಸ ಹೀರಿದ ಕೀಟಗಳು ಆರೋಗ್ಯವಂತ ಗಿಡಕ್ಕೆ ಹಾರುತ್ತವೆ, ಹೋಗುವಾಗ ಬ್ಯಾಕ್ಟೀರಿಯಾವನ್ನೂ ಹೊತ್ತೊಯ್ಯಬಹುದು. ಕುಕುಂಬರ್ ಮೊಸಾಯಿಕ್ ವೈರಸ್ ತಗುಲಿದ ಕುಂಬಳ ಜಾತಿಯ ಗಿಡಗಳೂ ಗಿಡಹೇನುಗಳನ್ನು ಹೀಗೇ ಕರೆದು ಓಡಿಸುತ್ತವೆ ಎಂಬುದು 2010ರಲ್ಲೇ ಗೊತ್ತಾಗಿತ್ತು.

ವಿಪರ್ಯಾಸ ನೋಡಿ, ಮೀಥೈಲ್ ಸ್ಯಾಲಿಸಿಲೇಟ್ ಗಿಡದ ಆತ್ಮರಕ್ಷಣೆಯ ಅಸ್ತ್ರ. ಕೀಟದ ಶತ್ರುಗಳನ್ನು ಕರೆಯುವುದೂ ಇದೇ ವಾಸನೆ. ಸಿಲ್ಲಿಡ್ ಮರಿಗಳ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಟಮರಿಕ್ಸಿಯಾ ಎಂಬ ಪುಟ್ಟ ಕಣಜ ಇದರ ಜಾಡು ಹಿಡಿದು ಬರುತ್ತದೆ.

ಬೆಳೆಗಾರರು ಏನು ಮಾಡಬಹುದು? ರೋಗದ ಮರವನ್ನು ಇವತ್ತಲ್ಲ ನಾಳೆ ಎಂದು ಉಳಿಸಿಕೊಂಡರೆ ಅದು ಕೀಟ ಕರೆಯುತ್ತಲೇ ಇರುತ್ತದೆ, ಹಾಗಾಗಿ ತೆಗೆಯುವುದೇ ಸರಿ. ಕಸಿಯಿಂದಲೂ ರೋಗ ಬರುವುದರಿಂದ ಸಸಿ ನಂಬಿಕಸ್ಥ ನರ್ಸರಿಯದ್ದೇ ಆಗಿರಲಿ. ಸಿಲ್ಲಿಡ್ ಮೊಟ್ಟೆ ಇಡುವುದು ಎಳೆ ಚಿಗುರಿನಲ್ಲಿ, ಚಿಗುರು ಬರುವ ಹೊತ್ತಿಗೆ ಕಣ್ಣಿಡಬೇಕು. ಅಂದಹಾಗೆ, ಹಿತ್ತಲಿನ ಕರಿಬೇವಿನ ಮೇಲೂ ಒಮ್ಮೆ ಕಣ್ಣಾಡಿಸಿ. ಈ ಕೀಟ ಅದರಲ್ಲೂ ಚೆನ್ನಾಗಿ ಮರಿ ಮಾಡುತ್ತದೆ.